ಬದಿಯಡ್ಕದ ಅಡಿಕೆ ಅಂಗಡಿಯ ಝಡ್ ಡ್ರೈವ್: ಅಳಿಸಿಹೋದ ಲೆಕ್ಕ ಹುಡುಕಿದ ಒಂದು ಪ್ರಕರಣ

ಜನವರಿ ಮೂರನೇ ವಾರದ ಶನಿವಾರ, ರಾತ್ರಿ ಒಂಬತ್ತು ಗಂಟೆ. ಫೋನ್ ಎತ್ತಿದ ಕೂಡಲೇ ಅಂಗಡಿಯ ಯಜಮಾನರು ಅಂದದ್ದು ಒಂದೇ ಮಾತು: "ಭಾವ, ಝಡ್ ಡ್ರೈವಿನಲ್ಲಿ ಲೆಕ್ಕದ ಫೋಲ್ಡರೇ ಇಲ್ಲ ಮಾರಾಯ್ರೇ."

ನಾನು ಕುಂಬಳೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಬದಿಯಡ್ಕದ ಈ ಅಡಿಕೆ ಅಂಗಡಿಗೆ ಮೂರು ವರ್ಷದ ಹಿಂದೆ ನಾಸ್ ಕೂರಿಸಿದ್ದೂ ನಾನೇ. ನಾಸ್ ಅಂದರೆ ನೆಟ್‌ವರ್ಕಿಗೆ ಸಿಕ್ಕಿಸಿದ ಒಂದು ಡಿಸ್ಕ್ ಪೆಟ್ಟಿಗೆ. ಅಂಗಡಿಯ ಮೂರೂ ಕಂಪ್ಯೂಟರಿನಲ್ಲಿ ಅದು ಝಡ್ ಡ್ರೈವ್ ಆಗಿ ಕಾಣುತ್ತದೆ. ಒಳಗೆ 2 ಟಿಬಿಯ ಎರಡು ಡಿಸ್ಕ್, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಹಾಗೇ ಬೀಳುವ ರೇಡ್ 1 ಜೋಡಣೆ. "ಒಂದು ಹಾಳಾದರೆ ಇನ್ನೊಂದು ಉಂಟಲ್ಲ" ಎಂದು ಯಜಮಾನರು ನೆಮ್ಮದಿಯಾಗಿದ್ದರು. ಡಿಸ್ಕ್ ಹಾಳಾಗುವ ಮಟ್ಟಿಗೆ ಆ ಮಾತು ಸರಿ. ಆದರೆ ಅಳಿಸುವುದೂ ಬರೆದ ಹಾಗೇ. ಒಂದರಲ್ಲಿ ಅಳಿಸಿದ ಕ್ಷಣಕ್ಕೇ ಇನ್ನೊಂದರಲ್ಲೂ ಹೋಗುತ್ತದೆ. ಇದನ್ನು ನಾನು ಆಗಲೇ ಬಿಡಿಸಿ ಹೇಳಬೇಕಿತ್ತು, ಹೇಳಿರಲಿಲ್ಲ.

ಆದದ್ದು ಇಷ್ಟು. ಅಕ್ಟೋಬರ್ ಕೊನೆಗೆ ಅಂಗಡಿಗೆ ಹೊಸ ಕಂಪ್ಯೂಟರ್ ಬಂತು. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಅದರಲ್ಲಿ ಸರಿಯಾಗಿ ಓಡುತ್ತದಾ ನೋಡಲು ನಾನು ಲೆಕ್ಕದ ಫೋಲ್ಡರಿನಿಂದ ಟ್ಯಾಲಿ ಡೇಟಾದ ಒಂದು ಕಾಪಿ ತೆಗೆದು ಅದರ ಡಿ ಡ್ರೈವಿಗೆ ಹಾಕಿದ್ದೆ. ಆಮೇಲೆ ಅದನ್ನು ತೆಗೆಯಲು ಮರೆತೆ. ಹಾಗಾಗಿ ಟ್ಯಾಲಿಯಲ್ಲಿ ಒಂದೇ ಹೆಸರಿನ ಎರಡು ಕಂಪನಿ ಕಾಣತೊಡಗಿತು (ಒಂದು ಅಂಗಡಿಯ ಇಡೀ ಲೆಕ್ಕಕ್ಕೆ ಟ್ಯಾಲಿ ಹೇಳುವುದು ಕಂಪನಿ ಎಂದು). ಲೆಕ್ಕ ಬರೆಯುವ ಹುಡುಗ ಒಂದು ದಿನ ತಿಳಿಯದೆ ಹಳೆಯದರಲ್ಲೇ ಆರೇಳು ಬಿಲ್ ಹಾಕಿಬಿಟ್ಟ. ಯಜಮಾನರು ಬೈದರು, "ಆ ಹಳೆ ಕಾಪಿ ಮೊದಲು ತೆಗೆದು ಬಿಸಾಡು" ಅಂದರು.

ಶನಿವಾರ ಸಂಜೆ 6:40ಕ್ಕೆ ಹುಡುಗ ಬಿಸಾಡಲು ಕೂತ. ಪರದೆಯ ಮೇಲೆ ಎರಡು ಕಿಟಕಿ ತೆರೆದಿತ್ತು, ಒಂದರಲ್ಲಿ ಡಿ, ಇನ್ನೊಂದರಲ್ಲಿ ಝಡ್. ಎರಡರಲ್ಲೂ ಫೋಲ್ಡರಿನ ಹೆಸರು "ಲೆಕ್ಕ". ಅವನು ಒತ್ತಿದ್ದು ಝಡ್‌ನಲ್ಲಿ. ವಿಂಡೋಸ್ ಒಂದು ಪ್ರಶ್ನೆ ಕೇಳುತ್ತದೆ: ಇದನ್ನು ಶಾಶ್ವತವಾಗಿ ಅಳಿಸಲಾ? ಆ "ಶಾಶ್ವತ" ಎನ್ನುವ ಪದವೇ ಸುಳಿವು. ಸ್ವಂತ ಡಿಸ್ಕಿನ ಫೈಲಾದರೆ ಅದು ಸಾಮಾನ್ಯವಾಗಿ ರೀಸೈಕಲ್ ಬಿನ್ನಿಗೆ ಹೋಗುತ್ತದೆ, ಈ ಪದ ಬರುವುದಿಲ್ಲ. ನೆಟ್‌ವರ್ಕ್ ಡ್ರೈವಿನದಾದರೆ ವಿಂಡೋಸಿನ ಬಿನ್ನಿಗೆ ಹೋಗುವುದೇ ಇಲ್ಲ. ಆದರೆ ದಿನಕ್ಕೆ ಹತ್ತು ಸಲ ಯೆಸ್ ಒತ್ತುವ ಕೈ ಇದನ್ನೆಲ್ಲ ಓದುವುದಿಲ್ಲ. ನನ್ನ ಕೈಯೂ ಓದುವುದಿಲ್ಲ.

ಹೋದದ್ದು 41 ಜಿಬಿ. ಟ್ಯಾಲಿ ಡೇಟಾ, ಸ್ಕ್ಯಾನ್ ಮಾಡಿದ ಬಿಲ್ಲುಗಳು, ಮತ್ತೊಂದು ಎಕ್ಸೆಲ್ ಶೀಟ್. ಆ ಶೀಟಿನ ಮಾತು ಆಮೇಲೆ ಬರುತ್ತದೆ. ಯಜಮಾನರಿಗೆ ಬೆವರು ಬಂದದ್ದು ಅದಕ್ಕೇ.

ನನಗೆ ಫೋನ್ ಬರುವ ಮುಂಚಿನ ಎರಡು ಗಂಟೆ ಇಪ್ಪತ್ತು ನಿಮಿಷ

ಅಳಿಸುವುದರಿಂದ ಆಗುವ ನಷ್ಟಕ್ಕಿಂತ ಆಮೇಲೆ ಒಳ್ಳೆ ಮನಸ್ಸಿನಿಂದ ಮಾಡುವ ಕೆಲಸಗಳಿಂದ ಆಗುವ ನಷ್ಟ ಜಾಸ್ತಿ. ನಾನು ನೋಡಿದ ಹೆಚ್ಚಿನ ಕೇಸುಗಳಲ್ಲಿ ಹೀಗೇ.

ಹುಡುಗ ಮೊದಲು ರೀಸೈಕಲ್ ಬಿನ್ ನೋಡಿದ, ಖಾಲಿ. ಆಮೇಲೆ ಇಂಟರ್‌ನೆಟ್ಟಿನಿಂದ ಒಂದು ರಿಕವರಿ ಸಾಫ್ಟ್‌ವೇರ್ ಇಳಿಸಿ ಓಡಿಸಿದ. ಅದು ಝಡ್ ಡ್ರೈವನ್ನು ತೋರಿಸಲೇ ಇಲ್ಲ. ತೋರಿಸುವುದೂ ಇಲ್ಲ. ನೆಟ್‌ವರ್ಕಿನ ಆಚೆಯಿಂದ ಕಂಪ್ಯೂಟರಿಗೆ ಸಿಗುವುದು ನಾಸ್ ಕೊಟ್ಟ ಫೈಲು ಮಾತ್ರ. ಅಂಗಡಿಯ ಕೌಂಟರಿನ ಹೊರಗೆ ನಿಂತವನಿಗೆ ಒಳಗಿನ ಗೋದಾಮು ಕಾಣುವುದಿಲ್ಲ ಅಲ್ವಾ, ಹಾಗೆ. ಡಿಸ್ಕನ್ನೇ ಬಿಚ್ಚಿ ನೇರವಾಗಿ ಸಿಕ್ಕಿಸದೆ ಅಳಿಸಿದ್ದನ್ನು ಹುಡುಕಲು ಆಗುವುದಿಲ್ಲ.

ಅಷ್ಟರಲ್ಲಿ ಹುಡುಗನ ದೋಸ್ತಿ ಒಬ್ಬ ಬಂದ. "ಎರಡು ಡಿಸ್ಕ್ ಉಂಟಲ್ಲ, ಒಂದನ್ನು ಎಳೆದು ನೋಡುವ, ಅದರಲ್ಲಿ ಇರಬಹುದು" ಅಂದ. 7:10ಕ್ಕೆ ಎರಡನೇ ಡಿಸ್ಕ್ ಎಳೆದರು. ನಾಸ್ ಬೀಪ್ ಬೀಪ್ ಎಂದು ಕೂಗಿಕೊಂಡಿತು. ಡಿಸ್ಕನ್ನು ಯುಎಸ್‌ಬಿ ಕೇಬಲ್ ಮೂಲಕ ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಿದರು. "ಈ ಡಿಸ್ಕ್ ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲಾ?" ಎಂದು ವಿಂಡೋಸ್ ಕೇಳಿತು. ನಾಸ್ ಒಳಗೆ ಇರುವುದು ವಿಂಡೋಸ್ ಅಲ್ಲ, ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್, ಅದರ ಡಿಸ್ಕನ್ನು ಓದಲು ವಿಂಡೋಸಿಗೆ ಬರುವುದಿಲ್ಲ, ಅದಕ್ಕೇ ಹೀಗೆ ಕೇಳುವುದು. ಇಲ್ಲಿ ಮಾತ್ರ ಯಾವ ದೇವರು ಕೈ ಹಿಡಿದನೋ, ಹುಡುಗ ಕ್ಯಾನ್ಸಲ್ ಒತ್ತಿದ. 8:30ಕ್ಕೆ ಡಿಸ್ಕನ್ನು ವಾಪಸ್ ತುರುಕಿ ನಾಸ್‌ನ ರಿಪೇರ್ ಬಟನ್ ಒತ್ತಿದರು. ಮೊದಲ ಡಿಸ್ಕಿನಲ್ಲಿ ಇದ್ದದ್ದನ್ನೆಲ್ಲ ಎರಡನೆಯದಕ್ಕೆ ಹೊಸದಾಗಿ ನಕಲು ಮಾಡುವ ಕೆಲಸ ಸುರುವಾಯಿತು.

ಇಷ್ಟೆಲ್ಲ ಆಗುವಾಗ ಯಾರಿಗೂ ನೆನಪಾಗದೆ ಉಳಿದದ್ದು ಗೋದಾಮಿನ ನಾಲ್ಕು ಕ್ಯಾಮೆರಾ. ಅವುಗಳ ರೆಕಾರ್ಡಿಂಗ್ ಬೀಳುತ್ತಿದ್ದದ್ದು ಇದೇ ನಾಸ್‌ನ ಇದೇ ಜಾಗಕ್ಕೆ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್. ನಾಲ್ಕು ಸೇರಿದರೆ 8 ಮೆಗಾಬಿಟ್, ಅಂದರೆ ಸೆಕೆಂಡಿಗೆ 1 ಎಂಬಿ. ಗಂಟೆಗೆ 3.6 ಜಿಬಿ. ಫೈಲ್ ಅಳಿಸಿದರೆ ಅದರ ಅಕ್ಷರಗಳು ಡಿಸ್ಕಿನಿಂದ ಹೋಗುವುದಿಲ್ಲ, "ಈ ಜಾಗ ಖಾಲಿ" ಎಂಬ ಗುರುತು ಮಾತ್ರ ಬೀಳುತ್ತದೆ. ಹೊಸದು ಬಂದು ಅದರ ಮೇಲೆ ಕೂತರೆ ಮುಗಿಯಿತು. ಮುಚ್ಚಿದ ಗೋದಾಮಿನಲ್ಲಿ ಗೋಣಿಚೀಲಗಳು ಸುಮ್ನೆ ಬಿದ್ದಿರುವ ವಿಡಿಯೋ, ಅಳಿಸಿದ ಲೆಕ್ಕದ ಮೇಲೆ ಗಂಟೆಗೆ 3.6 ಜಿಬಿ ಲೆಕ್ಕದಲ್ಲಿ ಬಂದು ಕೂರುತ್ತಿತ್ತು.

ಹಾಗಾಗಿ ಫೋನಿನಲ್ಲೇ ಹೇಳಿದೆ: "ಮೊದಲು ಕ್ಯಾಮೆರಾದ ವಯರ್ ಎಳೆಯಿರಿ ಭಾವ. ಆಮೇಲೆ ಪೆಟ್ಟಿಗೆಯ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಬೇರೆ ಎಂತದೂ ಮುಟ್ಟಬೇಡಿ." 9:05ಕ್ಕೆ ಪೆಟ್ಟಿಗೆ ನಿಂತಿತು. ನಾನು ಬೈಕ್ ಹತ್ತಿದೆ.

ನಾನೇ ತೆಗೆದ ಟಿಕ್

ಇಂಥ ಹೊತ್ತಿಗೆ ಮೊದಲು ನೋಡುವುದು ನಾಸ್‌ನದೇ ಆದ ರೀಸೈಕಲ್ ಬಿನ್. ಅದು ವಿಂಡೋಸಿನದಲ್ಲ. ನಾಸ್‌ನಲ್ಲಿ ಒಂದೊಂದು ಹಂಚಿಕೆಯ ಫೋಲ್ಡರಿಗೆ ಬೇರೆ ಬೇರೆಯಾಗಿ ಟಿಕ್ ಹಾಕಿಡಬಹುದು. ಹಾಕಿದ್ದರೆ ಯಾರು ಎಲ್ಲಿಂದ ಅಳಿಸಿದರೂ ಫೈಲು ಅಲ್ಲೇ ಒಂದು ಮೂಲೆಯ ಫೋಲ್ಡರಿನಲ್ಲಿ ಹೋಗಿ ಕೂರುತ್ತದೆ. ಹತ್ತು ನಿಮಿಷದ ಕೆಲಸ, ಚಾ ಕುಡಿದು ಮನೆಗೆ ಹೋಗಬಹುದು.

ಆ ಟಿಕ್ ಇರಲಿಲ್ಲ. ತೆಗೆದವನು ನಾನೇ. ಎರಡು ವರ್ಷದ ಹಿಂದೆ ಡಿಸ್ಕ್ ತುಂಬಿತು ಎಂದು ದೂರು ಬಂದಾಗ, ಜಾಗ ಬಿಡಿಸಲು ಬಿನ್ ಖಾಲಿ ಮಾಡಿ ಟಿಕ್ ತೆಗೆದಿದ್ದೆ. ತುಂಬಿಸಿದ್ದು ಕ್ಯಾಮೆರಾ, ಶಿಕ್ಷೆ ಬಿದ್ದದ್ದು ಲೆಕ್ಕದ ಫೋಲ್ಡರಿಗೆ.

ಎರಡನೆಯದು ಸ್ನ್ಯಾಪ್‌ಶಾಟ್. ಇಂತಿಂಥ ಗಂಟೆಗೆ ಫೋಲ್ಡರ್ ಹೇಗಿತ್ತೋ ಹಾಗೆ ನೆನಪಿಟ್ಟುಕೊಳ್ಳುವ ಸೌಕರ್ಯ. ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಕ್ರಮ) ಇರುವ ನಾಸ್‌ಗಳಲ್ಲಿ ಇದು ಸಿಗುತ್ತದೆ. ಇಲ್ಲಿದ್ದದ್ದು ಕಡಿಮೆ ಬೆಲೆಯ ಮಾದರಿ, ಒಳಗೆ ಇಎಕ್ಸ್‌ಟಿ4 ಎಂಬ ಬೇರೆ ಫೈಲ್ ವ್ಯವಸ್ಥೆ. ಆ ಬಾಗಿಲೂ ಮುಚ್ಚಿತು.

"ಬೆಂಗಳೂರಿನ ಲ್ಯಾಬಿಗೆ ಕಳಿಸುವುದಾ?" ಎಂದು ಯಜಮಾನರು ಕೇಳಿದರು. ಡಿಸ್ಕ್ ಕಟಕಟ ಶಬ್ದ ಮಾಡುತ್ತಿದ್ದರೆ, ನೆಲಕ್ಕೆ ಬಿದ್ದಿದ್ದರೆ ನಾನೇ ಕಳಿಸಿ ಎನ್ನುತ್ತಿದ್ದೆ. ಅದನ್ನು ನಮ್ಮಂಥವರು ಬಿಚ್ಚಬಾರದು. ಇಲ್ಲಿ ಡಿಸ್ಕ್ ಆರೋಗ್ಯವಾಗಿಯೇ ಇದೆ. ಲ್ಯಾಬಿನವರು ಮಾಡುವುದೂ ನಾನು ಮಾಡುವುದೂ ಹೆಚ್ಚು ಕಡಿಮೆ ಒಂದೇ. ಒಂದು ಷರತ್ತಿನ ಮೇಲೆ ಒಪ್ಪಿದೆ: ಮೂಲ ಡಿಸ್ಕಿನ ಮೇಲೆ ಯಾವ ಪ್ರಯೋಗವೂ ಇಲ್ಲ. ಏನು ಮಾಡಿದರೂ ಅದರ ನಕಲಿನ ಮೇಲೆ.

ನಕಲು ಅಂದರೆ ಫೈಲ್ ಕಾಪಿ ಅಲ್ಲ. ಖಾಲಿ ಎಂದು ಗುರುತಿಸಿದ ಜಾಗವೂ ಸೇರಿ ಡಿಸ್ಕಿನ ಮೊದಲಿನಿಂದ ಕೊನೆವರೆಗೆ ಇದ್ದ ಹಾಗೇ ತೆಗೆಯುವುದು. ಪೆನ್‌ಡ್ರೈವಿನಿಂದ ಲಿನಕ್ಸ್ ಓಡಿಸಿ ಡಿಡಿರೆಸ್ಕ್ಯೂ ಎಂಬ ಪುಕ್ಕಟೆ ಸಾಧನ ಬಳಸಿದೆ. ಒಂದು ಡಿಸ್ಕಿಗೆ ನಾಲ್ಕೂವರೆ ಗಂಟೆ ಹಿಡಿಯಿತು. ಹೆಚ್ಚಿನವರು ಇಲ್ಲಿ ಒಂದೇ ಡಿಸ್ಕ್ ತೆಗೆಯುತ್ತಾರೆ, ಎರಡೂ ಒಂದೇ ತಾನೇ ಎಂದು. ನನಗೆ ಹುಡುಗ ಹೇಳಿದ ಆ ಗಂಟೆಗಳು ತಲೆಯಲ್ಲಿ ಕೊರೆಯುತ್ತಿತ್ತು. 7:10ರಿಂದ 8:30ರ ತನಕ ಎರಡನೇ ಡಿಸ್ಕ್ ನಾಸ್‌ನ ಹೊರಗಿತ್ತು. ಆ 80 ನಿಮಿಷದಲ್ಲಿ ಕ್ಯಾಮೆರಾ ಬರೆದ ಸುಮಾರು 4.8 ಜಿಬಿ ಬಿದ್ದದ್ದು ಮೊದಲನೆಯದಕ್ಕೆ ಮಾತ್ರ. ರಿಪೇರ್ ಓಡಿದ್ದು ಬರೀ 35 ನಿಮಿಷ, ಎರಡನೇ ಡಿಸ್ಕಿನ ಆರಂಭದ ಒಂದಿಷ್ಟು ಭಾಗ ಮಾತ್ರ ಹೊಸದಾಗಿತ್ತು. ಉಳಿದ ಕಡೆ 7:10ರ ಸ್ಥಿತಿ ಬಹುಪಾಲು ಹಾಗೇ ಇರಬೇಕು. ಎಳೆದ ಡಿಸ್ಕನ್ನು ಅವರು ವಾಪಸ್ ಹಾಕದೆ ಮೇಜಿನ ಮೇಲೆ ಇಟ್ಟು ಬಿಟ್ಟಿದ್ದರೆ ಅದು ಬಂಗಾರವೇ ಆಗಿರುತ್ತಿತ್ತು. ಈಗಲೂ ಅರ್ಧ ಬಂಗಾರ. ಪರಿಚಯದ ಫೋಟೋ ಸ್ಟುಡಿಯೋದವರಿಂದ ದೊಡ್ಡ ಡಿಸ್ಕೊಂದು ಎರವಲು ತಂದು ಎರಡನ್ನೂ ನಕಲು ಮಾಡಿದೆ. ಮದುವೆ ಸೀಸನ್ನಿನಲ್ಲಿ ಅವರ ಹತ್ತಿರ ಡಿಸ್ಕ್ ಕೇಳುವುದು ಅಂದರೆ ಊಟದ ಹೊತ್ತಿಗೆ ಅನ್ನದ ಪಾತ್ರೆ ಕೇಳಿದ ಹಾಗೆ. ಕೊಟ್ಟರು, ಪುಣ್ಯಾತ್ಮರು.

ಟ್ಯಾಲಿ ಸಿಗಲಿಲ್ಲ

ಇಎಕ್ಸ್‌ಟಿ4ರಲ್ಲಿ ಫೈಲ್ ಅಳಿಸಿದಾಗ, ಅದರ ತುಂಡುಗಳು ಡಿಸ್ಕಿನಲ್ಲಿ ಎಲ್ಲೆಲ್ಲಿ ಇವೆ ಎನ್ನುವ ವಿಳಾಸವನ್ನು ಒರೆಸಿ ಬಿಡುತ್ತದೆ. ಹಳೇ ವಿಳಾಸ ಉಳಿದಿರಬಹುದಾದ ಒಂದೇ ಜಾಗ ಜರ್ನಲ್, ಅಂದರೆ ಡಿಸ್ಕು ತಾನೇ ಬರೆದುಕೊಳ್ಳುವ ಕಚ್ಚಾ ಪುಸ್ತಕ. ಅದು ಚಿಕ್ಕದು, ತುಂಬಿದರೆ ಮೊದಲಿನಿಂದ ಅದರ ಮೇಲೇ ಬರೆಯುತ್ತದೆ. ನಕಲನ್ನು ಬರೀ ಓದಲು ಎಂದು ತೆರೆದರೂ ಇಎಕ್ಸ್‌ಟಿ4 ಈ ಜರ್ನಲ್ಲಿನಲ್ಲಿ ಬಾಕಿ ಇದ್ದ ಬರಹವನ್ನು ಜಾರಿ ಮಾಡಿಬಿಡುತ್ತದೆ. ಅದನ್ನು ತಡೆಯಲು ನೋಲೋಡ್ ಎಂಬ ಸೂಚನೆ ಬೇರೆಯೇ ಕೊಡಬೇಕು. ಮೊದಲ ಸಲ ಇದು ಗೊತ್ತಿಲ್ಲದೆ ಬೇರೊಂದು ಕೇಸಿನಲ್ಲಿ ಕೈ ಸುಟ್ಟುಕೊಂಡಿದ್ದೆ.

ಜರ್ನಲ್ ನೋಡಿ ಅಳಿಸಿದ್ದನ್ನು ಹುಡುಕುವ ಎಕ್ಸ್‌ಟಂಡಿಲೀಟ್ ಎಂಬ ಸಾಧನ ಓಡಿಸಿದೆ. ಕೆಲವು ಚಿಲ್ಲರೆ ಫೈಲು ಹೆಸರಿನ ಸಮೇತ ಬಂತು. ಟ್ಯಾಲಿಯ ಮುಖ್ಯ ಫೈಲುಗಳು ಬರಲಿಲ್ಲ. ಕ್ಯಾಮೆರಾ ನಿಮಿಷ ನಿಮಿಷಕ್ಕೂ ಹೊಸ ಫೈಲ್ ಮಾಡುತ್ತಿದ್ದ ಕಾರಣ ಜರ್ನಲ್ ಆಗಲೇ ಸುತ್ತು ಹೊಡೆದಿತ್ತು. ಆ ಅಂಗಡಿಯ ಟ್ಯಾಲಿ ಡೇಟಾ ಅಂದರೆ ಹೆಸರಿನ ಕೊನೆಗೆ .900 ಎಂದಿರುವ ಹತ್ತಾರು ಫೈಲು, ಒಂದಕ್ಕೊಂದು ಕೊಂಡಿ. ನಾಲ್ಕು ಸಿಕ್ಕಿ ಎರಡು ಬಿಟ್ಟು ಹೋದರೂ ಕಂಪನಿ ತೆರೆಯುವುದಿಲ್ಲ. ಭಾನುವಾರ ಇಡೀ ಕೂತು ಸಂಜೆಗೆ ಕೈ ಬಿಟ್ಟೆ.

ಆಗ ಹುಡುಗನೇ ಮೆಲ್ಲ ಕೇಳಿದ, "ಅಣ್ಣಾ, ಡಿಯಲ್ಲಿ ಆ ಹಳೇದು ಹಾಗೇ ಉಂಟಲ್ಲ?"

ಉಂಟು! ಅವನು ಅಳಿಸಲು ಹೊರಟದ್ದು ಅದನ್ನೇ. ಅಕ್ಟೋಬರ್ ಕೊನೆಯ ತನಕದ ಟ್ಯಾಲಿ ಲೆಕ್ಕ ಪೂರ್ತಿ ಅಲ್ಲಿತ್ತು. ನಮ್ಮಿಬ್ಬರಿಗೂ ಒಂದು ದಿನ ಅದು ಹೊಳೆಯಲಿಲ್ಲ. ಅಳಿದದ್ದನ್ನೇ ನೋಡುತ್ತಿದ್ದರೆ ಇದ್ದದ್ದು ಕಾಣುವುದಿಲ್ಲ. ಇನ್ನು ಬೇಕಾದದ್ದು ಸುಮಾರು 80 ದಿನದ ಲೆಕ್ಕ ಮಾತ್ರ. ಆದರೆ ಆ 80 ದಿನ ಅಡಿಕೆ ಕೊಯ್ಲಿನ ಸೀಸನ್.

ಮಾರಾಟದ ಭಾಗ ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಅದಕ್ಕೆ ಕಾರಣ ಗಡಿ. ಪೆರ್ಲ ದಾಟಿ ಸಾರಡ್ಕ ಕಳೆದರೆ ಕರ್ನಾಟಕ. ಈ ಅಂಗಡಿಯ ಲೋಡು ಪುತ್ತೂರಿಗೆ ಹೋದರೂ ಅದು 32ರಿಂದ 29ಕ್ಕೆ, ಅಂದರೆ ಕೇರಳದ ಜಿಎಸ್‌ಟಿ ನಂಬರಿನಿಂದ ಕರ್ನಾಟಕದ್ದಕ್ಕೆ ಹೋದ ಅಂತರರಾಜ್ಯ ವ್ಯಾಪಾರ. ಐವತ್ತು ಸಾವಿರ ರೂಪಾಯಿ ದಾಟಿದರೆ ಇ-ವೇ ಬಿಲ್, ಅಂದರೆ ಸರಕು ಸಾಗಿಸಲು ಪೋರ್ಟಲಿನಲ್ಲಿ ಮಾಡುವ ಬಿಲ್, ಬೇಕೇ ಬೇಕು. ಹತ್ತಿರದ ಊರಿಗೆ ಇಷ್ಟೆಲ್ಲ ಕಾಗದವಾ ಎಂದು ಯಜಮಾನರು ವರ್ಷವಿಡೀ ಗೊಣಗುತ್ತಾರೆ. ಈಗ ಆ ಕಾಗದವೇ ಬೇಕಾಯಿತು. ನವೆಂಬರ್, ಡಿಸೆಂಬರಿನ ಬಿಲ್ಲುಗಳು ಸಲ್ಲಿಸಿದ ಜಿಎಸ್‌ಟಿಆರ್-1ರಲ್ಲಿ, ಅಂದರೆ ಮಾರಾಟದ ರಿಟರ್ನಿನಲ್ಲಿ, ನಂಬರ್ ಸಮೇತ ಇದ್ದವು. ಡಿಸೆಂಬರಿನದ್ದಕ್ಕೆ ಜನವರಿ 11 ಕೊನೆ ದಿನ, ಕಳೆದ ವಾರವಷ್ಟೇ ಹಾಕಿದ್ದರು. ಅಕ್ಟೋಬರಿನ ಕೊನೆಯ ಒಂದೆರಡು ದಿನದ್ದೂ ಹಾಗೇ ಸಿಕ್ಕಿತು. ಜನವರಿಯ ಲೋಡುಗಳು ಇ-ವೇ ಪೋರ್ಟಲಿನಲ್ಲಿ. ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟು ತಾಳೆ ನೋಡಿದರೆ ಆಯಿತು.

ಖರೀದಿ ಹಾಗಲ್ಲ. ಕೃಷಿಕರು ತರುವ ಅಡಿಕೆ ಯಾವ ಪೋರ್ಟಲಿನಲ್ಲೂ ಇರುವುದಿಲ್ಲ. ಇರುವುದು ಕಾರ್ಬನ್ ಚೀಟಿ: ಹೆಸರು, ತೂಕ, ದರ, ಹೊಸತಾ ಹಳತಾ, ದರ್ಜೆ ಪಟೋರಾ ಕರಿಗೋಟಾ. ಎರಡು ಸಾವಿರಕ್ಕೂ ಜಾಸ್ತಿ ಚೀಟಿ. ಮೂರು ಜನ ಹನ್ನೊಂದು ದಿನ ಕೂತು ಟ್ಯಾಲಿಗೆ ಹೊಡೆದರು. ಇದನ್ನು ಬಿಡುವ ಹಾಗೂ ಇಲ್ಲ. ಜಿಎಸ್‌ಟಿ ಕಾನೂನಿನ 36ನೇ ಕಲಂ ಪ್ರಕಾರ ವಾರ್ಷಿಕ ರಿಟರ್ನಿನ ಕೊನೆ ದಿನದಿಂದ 72 ತಿಂಗಳು ಲೆಕ್ಕ ಇಟ್ಟುಕೊಳ್ಳಬೇಕು.

ಮುಂಗಡದ ಶೀಟು

ಇನ್ನು ಆ ಎಕ್ಸೆಲ್. ಮಳೆಗಾಲದಲ್ಲಿ ಮದ್ದು ಬಿಡಲು, ಮದುವೆಗೆ, ಆಸ್ಪತ್ರೆಗೆ ಎಂದು ಕೃಷಿಕರು ಅಂಗಡಿಯಿಂದ ಮುಂಗಡ ತೆಗೆದುಕೊಳ್ಳುತ್ತಾರೆ. ಅಡಿಕೆ ತಂದಾಗ ಅದರಲ್ಲಿ ಮುರಿದುಕೊಳ್ಳುವುದು. ಯಾರಿಗೆ ಎಷ್ಟು ಬಾಕಿ ಎನ್ನುವುದು ಆ ಒಂದೇ ಶೀಟಿನಲ್ಲಿ. ಟ್ಯಾಲಿಗೆ ಅದನ್ನು ಹತ್ತಿಸಿರಲಿಲ್ಲ, ಡಿ ಡ್ರೈವಿನ ಕಾಪಿಯಲ್ಲೂ ಅದಿಲ್ಲ. "ಜನರನ್ನು ಕೇಳಿದರೆ ಹೇಳುತ್ತಾರೆ ಭಾವ, ಸುಳ್ಳು ಹೇಳುವವರಲ್ಲ. ಆದರೆ ಕೇಳುವುದು ಹೇಗೆ?" ಅಂದರು ಯಜಮಾನರು. ನನಗೂ ಅದೇ ಅನಿಸಿತು. ನಿಮ್ಮ ಬಾಕಿ ನಮಗೆ ಗೊತ್ತಿಲ್ಲ ಎಂದು ವ್ಯಾಪಾರಿ ಬಾಯಿ ಬಿಡುವುದು ಸಣ್ಣ ವಿಷಯ ಅಲ್ಲ.

ಇದಕ್ಕೆ ಫೋಟೋರೆಕ್ ಬಳಸಿದೆ. ಅದು ಹೆಸರು, ವಿಳಾಸ ಏನನ್ನೂ ನೋಡುವುದಿಲ್ಲ. ಡಿಸ್ಕನ್ನು ಮೊದಲಿನಿಂದ ಓದುತ್ತಾ, ಎಕ್ಸೆಲ್ ಫೈಲ್ ಹೀಗೆ ಸುರುವಾಗುತ್ತದೆ, ಪಿಡಿಎಫ್ ಹೀಗೆ ಸುರುವಾಗುತ್ತದೆ ಎಂಬ ಗುರುತಿನ ಮೇಲೆ ಕೊರೆದು ತೆಗೆಯುತ್ತದೆ. ಸ್ಕ್ಯಾನ್ ಮಾಡಿದ ಬಿಲ್ಲುಗಳಲ್ಲಿ ಹೆಚ್ಚಿನವು ಹೀಗೇ ಬಂದವು. ಎಕ್ಸೆಲ್ ಒಂಬೈನೂರಕ್ಕೂ ಜಾಸ್ತಿ ಸಿಕ್ಕಿತು, ಎಲ್ಲದಕ್ಕೂ ಹೆಸರಿನ ಬದಲು ನಂಬರು.

ಇಷ್ಟು ಎಲ್ಲಿಂದ? ಎಕ್ಸೆಲ್ ಪ್ರತಿ ಸಲ ಸೇವ್ ಮಾಡುವಾಗ ಹಳೇ ಫೈಲಿನ ಮೇಲೆ ಬರೆಯುವುದಿಲ್ಲ. ಹೊಸದೊಂದು ಫೈಲು ಬರೆದು ಹೆಸರು ಬದಲಿಸಿ, ಹಳೆಯದನ್ನು ಅಳಿಸುತ್ತದೆ. ಹಾಗಾಗಿ ಹಳೇ ಸೇವ್‌ಗಳೆಲ್ಲ ಹಾವು ಕಳಚಿದ ಪೊರೆಗಳ ಹಾಗೆ ಖಾಲಿ ಜಾಗದಲ್ಲಿ ಬಿದ್ದಿರುತ್ತವೆ.

ಒಂದೊಂದೇ ತೆರೆದು ನೋಡುವ ಬದಲು ಹುಡುಕೋಣ ಎಂದು, ಶೀಟಿನ ತಲೆಬರಹದಲ್ಲಿದ್ದ "ಅಡಿಕೆ" ಪದ ಕೊಟ್ಟೆ. ಒಂದೂ ಸಿಗಲಿಲ್ಲ. ಎರಡು ಕಾರಣ. ಎಕ್ಸೆಲ್ ಫೈಲು ಅಂದರೆ ಜಿಪ್ ಮಾಡಿದ ಗಂಟು, ಬಿಚ್ಚದೆ ಹುಡುಕಿದರೆ ಅಕ್ಷರ ಕಾಣದು. ಗಂಟು ಬಿಚ್ಚಿ ನೋಡುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದೆ. ಆಗಲೂ ಸಿಗಲಿಲ್ಲ. ಶೀಟು ಹಳೇ ನುಡಿ ಫಾಂಟಿನದು, ಯುನಿಕೋಡ್ ಅಲ್ಲ! ಪರದೆಯ ಮೇಲೆ ಅಡಿಕೆ ಎಂದು ಕಂಡರೂ ಫೈಲಿನ ಒಳಗೆ ಅದು ಕೂತಿರುವುದು ಇಂಗ್ಲಿಷಿನ ದೊಡ್ಡ ಸಿ, ಸಣ್ಣ ಆರ್, ದೊಡ್ಡ ಪಿ, ತಲೆ ಮೇಲೆ ಒಂದು ಗೀಟು ಇರುವ ಇ ಆಗಿ. ಆ ನಾಲ್ಕು ಅಕ್ಷರ ಕೊಟ್ಟು ಹುಡುಕಿದೆ. 37 ಫೈಲು ಎದ್ದು ಬಂದವು. ಹೊರಗಿನ ಯಾವ ಲ್ಯಾಬಿಗಾದರೂ ಇದು ಹೊಳೆಯುತ್ತಿತ್ತಾ, ನನಗೆ ಸಂಶಯ.

37ರಲ್ಲಿ ಕೊನೆಯದು ಯಾವುದು? ಅದೇ ಗಂಟಿನೊಳಗೆ ಕೊನೆ ಸಲ ಬದಲಿಸಿದ ದಿನ, ಗಂಟೆ ಬರೆದಿರುತ್ತದೆ. ಎಲ್ಲಕ್ಕಿಂತ ಹೊಸದು ಅದೇ ಶನಿವಾರದ್ದು, 10:42. ಯಜಮಾನರು ತಲೆ ಅಲ್ಲಾಡಿಸಿದರು, "ಬೆಳಿಗ್ಗೆ ನಾನು ಶೀಟು ತೆರೆಯಲೇ ಇಲ್ಲ." ತೆರೆದಿರಲಿಲ್ಲ, ನಿಜ. ಒಳಗೆ ಬರೆಯುವುದು ಯುಟಿಸಿ, ಅಂದರೆ ಇಡೀ ಜಗತ್ತಿಗೆ ಒಂದೇ ಎಂದು ಇಟ್ಟುಕೊಂಡ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಅಂದರೆ ಸಂಜೆ 4:12. "ಹಾಂ, ಚಾ ಕುಡಿದು ಬಂದು ಇಬ್ಬರದು ಹಾಕಿದ್ದೆ" ಅಂದರು.

ಮೊದಲ ಡಿಸ್ಕಿನ ನಕಲಿನಲ್ಲಿ ಆ ಫೈಲು ತೆರೆಯಲಿಲ್ಲ. ಬಾಲದ ಭಾಗದಲ್ಲಿ ಕ್ಯಾಮೆರಾದ ವಿಡಿಯೋ ಬಂದು ಕೂತಿತ್ತು. ಜಿಪ್ಪಿನ ಪಟ್ಟಿ ಇರುವುದೇ ಬಾಲದಲ್ಲಿ. ಎರಡನೇ ಡಿಸ್ಕಿನ ನಕಲಿನಿಂದ ತೆಗೆದೆ. ತೆರೆಯಿತು. ಕೊನೆಯ ಎರಡು ಸಾಲು ನೋಡಿ ಯಜಮಾನರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ದೋಸ್ತಿಯ ಆ ಕಿತಾಪತಿ ಇಲ್ಲದಿದ್ದರೆ ಸಿಗುತ್ತಿದ್ದದ್ದು ಶುಕ್ರವಾರದ ಶೀಟು. ಹಾಗೆಂದು ಯಾರೂ ಡಿಸ್ಕ್ ಎಳೆಯಲು ಹೋಗಬೇಡಿ.

ಈಗ ಕ್ಯಾಮೆರಾಕ್ಕೆ ಬೇರೆಯೇ ಪೆಟ್ಟಿಗೆ. ನಾಸ್‌ನ ಬಿನ್ನಿಗೆ ಟಿಕ್ ಬಿದ್ದಿದೆ, 30 ದಿನ ಕಳೆದದ್ದು ತಾನಾಗಿ ಖಾಲಿಯಾಗುತ್ತದೆ. ರಾತ್ರಿ ಹನ್ನೊಂದಕ್ಕೆ ಒಂದು ಹೊರಗಿನ ಡಿಸ್ಕಿಗೆ ಬ್ಯಾಕಪ್. ಅಂಥವು ಎರಡು, ಶನಿವಾರ ಒಂದನ್ನು ಯಜಮಾನರು ಮನೆಗೆ ಒಯ್ಯುತ್ತಾರೆ, ಇನ್ನೊಂದನ್ನು ತರುತ್ತಾರೆ. ಎರಡು ವಾರ ಮರೆತದ್ದೂ ಉಂಟು. ಸ್ನ್ಯಾಪ್‌ಶಾಟ್ ಇರುವ ನಾಸ್ ತೆಗೆದುಕೊಳ್ಳಿ ಎಂದೆ, "ಅಡಿಕೆಗೆ ರೇಟು ಬರಲಿ, ನೋಡುವ" ಅಂದರು. ಮುಂಗಡವನ್ನು ಟ್ಯಾಲಿಗೆ ಹತ್ತಿಸುವ ಕೆಲಸ ಅರ್ಧ ಆಗಿದೆ. ಹುಡುಗ ಅಲ್ಲೇ ಇದ್ದಾನೆ, ಅವನ ಝಡ್ ಡ್ರೈವಿನ ಫೋಲ್ಡರಿಗೆ ಈಗ ಬೇರೆ ಹೆಸರು.

ಚೀಟಿಗಳಲ್ಲಿ ಎರಡು ಮಾತ್ರ ಹೊಂದಲಿಲ್ಲ. ಎರಡರಲ್ಲೂ ಹೆಸರಿನ ಜಾಗದಲ್ಲಿ ಬರೀ "ಪಾರೆ" ಎಂದು ಬರೆದಿತ್ತು. ಆ ಸುತ್ತಿನಲ್ಲಿ ಪಾರೆ ಎಂಬ ಮನೆ ಮೂರಿದೆ. ಎರಡನ್ನೂ ಸಸ್ಪೆನ್ಸ್ ಖಾತೆಗೆ, ಅಂದರೆ ಯಾರದೆಂದು ಗೊತ್ತಾಗುವ ತನಕ ಇಡುವ ಖಾತೆಗೆ, ಹಾಕಿಟ್ಟರು. ಶಿವರಾತ್ರಿ ಕಳೆದ ಮೇಲೆ ಒಂದು ಪಾರೆಯ ಮಾವ ಬಂದು "ನನ್ನ ಎರಡು ಗೋಣಿಯ ದುಡ್ಡು ಎಂತ ಆಯ್ತು?" ಎಂದು ಕೇಳಿ ತೆಗೆದುಕೊಂಡು ಹೋದರು. ಇನ್ನೊಂದು ಪಾರೆಯವರು ಇನ್ನೂ ಬಂದಿಲ್ಲ. 18,340 ರೂಪಾಯಿ ಅಲ್ಲೇ ಉಂಟು.